ತಲೆ ಅವನದು, ತೀರ್ಮಾನ ಯಾರದು?

ಗೋವಾದ ಹಳ್ಳಿಗಳಲ್ಲಿ ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಅದೇ ಫುಟ್‌ಬಾಲ್ ಮೈದಾನ. ರಗ್ಬಿ ಇಲ್ಲಿಗಿನ್ನೂ ಹೊಸಬ. 2023ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಗೋವಾಕ್ಕೆ ಬಂದಾಗ ಏಳು ಮಂದಿಯ ರಗ್ಬಿಯೂ ಅದರಲ್ಲಿತ್ತು. ಆಟ ಯಾವುದಾದರೇನು, ಚೆಂಡಿಗೆ ಹಾರಿದ ಇಬ್ಬರ ತಲೆ ತಲೆಗೆ ಬಡಿದ ಮೇಲೆ ನಡೆಯುವುದು ಒಂದೇ. ಬಿದ್ದವನ ಮುಖಕ್ಕೆ ಯಾರೋ ನೀರು ಚಿಮುಕಿಸುತ್ತಾರೆ. ‘ಏನೂ ಆಗಿಲ್ಲ’ ಎಂದು ಅವನೇ ಎದ್ದು ಓಡುತ್ತಾನೆ. ಸುತ್ತ ಚಪ್ಪಾಳೆ.

ಹಾಗೆ ಹೇಳಿದ್ದು ಪೆಟ್ಟು ತಿಂದ ಮಿದುಳೇ ಅಲ್ಲವೇ? ಅದರ ಸಾಕ್ಷಿಗೆ ಎಷ್ಟು ಬೆಲೆ?

ಸುಮಾರು 1.4 ಕಿಲೋ ತೂಗುವ ಮಿದುಳು ಬುರುಡೆಯೊಳಗಿನ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಗಕ್ಕನೆ ನಿಂತರೂ ತಿರುಗಿದರೂ ಒಳಗಿನ ನರತಂತುಗಳು ಜಗ್ಗುತ್ತವೆ. ಜೀವಕೋಶದ ಪೊಟ್ಯಾಸಿಯಂ ಹೊರಗೆ ಸೋರಿ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅವನ್ನು ಮತ್ತೆ ಅವವುಗಳ ಜಾಗಕ್ಕೆ ಸೇರಿಸಲು ಕೋಶಕ್ಕೆ ಹೆಚ್ಚು ಶಕ್ತಿ ಬೇಕು. ಅದೇ ಹೊತ್ತಿಗೆ ಮಿದುಳಿಗೆ ಹರಿಯುವ ರಕ್ತ ಕಡಿಮೆಯಾಗಿರುತ್ತದೆ. ಖರ್ಚು ಏರಿದಾಗಲೇ ಸಂಬಳ ಕಡಿತವಾದ ಮನೆಯ ಸ್ಥಿತಿ. ಇದೇ ಕನ್ಕಶನ್. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಬಹಳ ಮಂದಿಗೆ ತಪ್ಪುವುದೇ ಇಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲೂ ಸಾಮಾನ್ಯವಾಗಿ ಏನೂ ಕಾಣದು. ಹಾಗಾಗಿ ಆ ಕ್ಷಣದಲ್ಲಿ ಅವನು ಹೇಗೆ ಬಿದ್ದ, ಎದ್ದಮೇಲೆ ಹೇಗೆ ತೂರಾಡಿದ ಎಂದು ಕಂಡವರ ಕಣ್ಣೇ ದೊಡ್ಡ ಪುರಾವೆ.

2011ರಲ್ಲಿ ಉತ್ತರ ಐರ್ಲೆಂಡ್‌ನ ಶಾಲಾ ರಗ್ಬಿ ಪಂದ್ಯವೊಂದರಲ್ಲಿ 14 ವರ್ಷದ ಹುಡುಗನೊಬ್ಬ ತಲೆಗೆ ಪೆಟ್ಟು ತಿಂದು, ಆಟ ಮುಂದುವರಿಸಿ, ಮತ್ತೆ ಪೆಟ್ಟು ತಿಂದು ಸತ್ತ. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೆಯದು ಮಿದುಳನ್ನು ಊದಿಸಿಬಿಡಬಹುದು. ಅಪರೂಪ, ಆದರೆ ಎಳೆಯರಲ್ಲಿ ಮಾರಕ. ನೋಡುವವರಿಗೇನೂ ಕೊರತೆಯಿರಲಿಲ್ಲ, ಅವನ ತಾಯಿಯೂ ಅಲ್ಲೇ ಇದ್ದರು. ಎಲ್ಲರ ಎದುರಿಗೆ ನಡೆದದ್ದು ಯಾರೊಬ್ಬರ ಕೆಲಸವೂ ಆಗಿರಲಿಲ್ಲ.

ಅನುಮಾನ ಬಂದರೆ ಹೊರಗೆ ಕೂರಿಸಿ ಎಂಬುದು ಈಗಿನ ನಿಯಮ. ಅನುಮಾನಪಡಲು ವೈದ್ಯ ಪದವಿ ಬೇಡ. ಆಟ ನಿಲ್ಲಿಸುವ ಅಧಿಕಾರ ರೆಫ್ರಿಗಿದೆ, ಆದರೆ ಪಾಸ್ ಕೊಡಬೇಕಾದಲ್ಲಿ ಸುಮ್ಮನೆ ನಿಂತವನನ್ನು ಮೊದಲು ಗಮನಿಸುವವನು ಪಕ್ಕದ ಆಟಗಾರ. ವಾಂತಿ ಮರುಕಳಿಸಿದರೆ, ಕತ್ತು ನೋವೆಂದರೆ, ಎರಡೆರಡು ಕಂಡರೆ, ಫಿಟ್ಸ್ ಬಂದರೆ ಕಾಯುವ ಮಾತೇ ಇಲ್ಲ, 108ಕ್ಕೆ ಫೋನ್. ಉಳಿದಂತೆ ಅವನ ಸ್ಕೂಟರ್ ಕೀಲಿ ಕಿತ್ತಿಟ್ಟುಕೊಳ್ಳುವುದು ಗೆಳೆಯನ ಹೊಣೆ, ಆ ರಾತ್ರಿ ಕುಡಿಯಗೊಡದಿರುವುದೂ. ಗೋವಾದ ಭಾನುವಾರಗಳಲ್ಲಿ ಇದು ಸಣ್ಣ ಕೆಲಸವಲ್ಲ. ಬ್ರಿಟನ್ನಿನ 2023ರ ಮಾರ್ಗಸೂಚಿ ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಕೇಳುತ್ತದೆ. ಆ ದಿನಗಳನ್ನು ಎಣಿಸಬೇಕಾದವರು ಮನೆಯವರು.

2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಫೆಡರೇಶನ್ ಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ಗೋವಾದ ಡೆಂಪೋ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುತ್ತಲೇ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದು ಸತ್ತ. ನಿಂತದ್ದು ಹೃದಯ, ಮಿದುಳಿನ ಪೆಟ್ಟಲ್ಲ. ಆದರೂ ಮೈದಾನದಲ್ಲಿ ತುರ್ತು ಚಿಕಿತ್ಸೆಯ ಸಿದ್ಧತೆ ಸಾಲದೆಂಬ ಟೀಕೆ ಆಗ ಎದ್ದಿತು. ಅಂಥ ಫೈನಲ್ಲೇ ಹಾಗಾದರೆ ಗದ್ದೆಯ ಆಟಕ್ಕೆ ವೈದ್ಯರನ್ನು ಕಾಯುತ್ತ ಕೂರುವಂತಿಲ್ಲ.

ಪೆಟ್ಟು ಬಿದ್ದವನನ್ನು ಕೇಳಲು ಕನ್ಕಶನ್ ಗುರುತಿಸುವ ಕೈಪಿಡಿಯಲ್ಲಿ ಕೆಲವು ಸರಳ ಪ್ರಶ್ನೆಗಳಿವೆ: ಇದು ಯಾವ ಮೈದಾನ? ಈಗ ಮೊದಲರ್ಧವೋ ಎರಡನೆಯದೋ? ಕೊನೆಯ ಗೋಲು ಯಾರದು? ಎಲ್ಲಕ್ಕೂ ಸರಿಯಾಗಿ ಉತ್ತರಿಸಿದರೂ ಅವನು ಪಾರಾದನೆಂದಲ್ಲ. ತಡವರಿಸಿದರಂತೂ ಆಟ ಮುಗಿಯಿತು. ಒಂದು ಸಂಗತಿಯನ್ನು ಮಾತ್ರ ಕೈಪಿಡಿ ನಮಗಾಗಿ ಬರೆದಂತಿಲ್ಲ. ವಾಸ್ಕೋದ ಬೈನಾದಲ್ಲಿ ಬೆಳೆದ, ಮನೆಯಲ್ಲಿ ಕನ್ನಡ ಆಡುವ ಹುಡುಗನನ್ನು ಇಂಗ್ಲಿಷಿನಲ್ಲಿ ಕೇಳಿದರೆ, ಅವನು ತಡವರಿಸಿದ್ದು ಪೆಟ್ಟಿನಿಂದಲೋ ಭಾಷೆಯಿಂದಲೋ ತಿಳಿಯುವುದು ಹೇಗೆ? ‘ಲೇ ತಮ್ಮಾ, ಈಗ ಗೋಲ್ ಹೊಡದಾಂವ ಯಾರೋ?’ ಎಂದು ಕೇಳಬಲ್ಲವನೊಬ್ಬ ಗೆರೆಯಾಚೆ ನಿಂತಿರಬೇಕು.