ಕೆರೆ ಬತ್ತಿದ ಊರಿನ ದೋಣಿ ಮೇಷ್ಟ್ರು

ಕೋಲಾರ ಜಿಲ್ಲೆ ಅಂದರೆ ನಿಮಗೆ ಏನು ನೆನಪಾಗುತ್ತದೆ? ಚಿನ್ನದ ಗಣಿ, ರೇಷ್ಮೆಗೂಡು, ಟೊಮೇಟೊ, ಶ್ರೀನಿವಾಸಪುರದ ಮಾವು, ಅಲ್ಲವೇ? ವರ್ಷವೆಲ್ಲ ಹರಿಯುವ ಒಂದು ನದಿಯೂ ಇಲ್ಲದ ಸೀಮೆ ನಮ್ಮದು. ಇಂಥ ಕಡೆ ದೋಣಿ ಪಂದ್ಯ ನಡೆಯುತ್ತಿತ್ತು ಅಂದರೆ ಯಾರಿಗಾದರೂ ನಗು ಬರುತ್ತದೆ. ಆದರೆ ನಮ್ಮ ನರಸಾಪುರದ ಕೆರೆಯಲ್ಲಿ ದಸರಾ ರಜೆ ಬಂತೆಂದರೆ ಹತ್ತು ಹನ್ನೆರಡು ಹಾಯಿದೋಣಿಗಳು ಸಾಲಾಗಿ ಹೊರಡುತ್ತಿದ್ದವು. ಒಂದೊಂದೂ ಒಂದೂವರೆ ಅಡಿ ಉದ್ದ, ಅಷ್ಟೇ! ಎಲ್ಲವೂ ಮಕ್ಕಳು ಕೈಯಾರೆ ಮಾಡಿದ ಆಟದ ದೋಣಿಗಳು.

ಅದನ್ನು ನಮಗೆ ಕಲಿಸಿದವರು ಕ್ರಾಫ್ಟ್ ಮೇಷ್ಟ್ರು. ಊರಿಗೆಲ್ಲ ಅವರು ‘ದೋಣಿ ಮೇಷ್ಟ್ರು’. ಹೆಸರು ಅಚ್ಚಾಗುವುದು ಅವರಿಗೆ ಎಂದೂ ಹಿಡಿಸುತ್ತಿರಲಿಲ್ಲ, ಆದ್ದರಿಂದ ನಾನೂ ಬರೆಯುವುದಿಲ್ಲ. ಅವರು ತೀರಿಕೊಂಡದ್ದು 2016ರಲ್ಲಿ. ಅವರಿಂದ ಕಲಿತದ್ದನ್ನು ನಾಲ್ಕು ಜನ ಗೃಹಿಣಿಯರಿಗಾದರೂ ಹೇಳಬೇಕು ಅಂತ ಬಹಳ ದಿನದ ಆಸೆ.

ಸಮುದ್ರವಿಲ್ಲದ ಊರಿನ ನೌಕಾದಳ

ಮೇಷ್ಟ್ರಿಗೆ ಈ ಹುಚ್ಚು ಹತ್ತಿದ್ದು ಬೆಂಗಳೂರಿನಲ್ಲಿ ಓದುವಾಗ, ಎನ್.ಸಿ.ಸಿ.ಯಿಂದ. ಎನ್.ಸಿ.ಸಿ. ಶುರುವಾದದ್ದು 1948ರಲ್ಲಿ, ಅದಕ್ಕೆ ನೌಕಾ ವಿಭಾಗ ಸೇರಿದ್ದು 1952ರಲ್ಲಿ. ಸಮುದ್ರದಿಂದ ದೂರದ ಬೆಂಗಳೂರಿನಲ್ಲೂ ಆ ವಿಭಾಗವಿದೆ. ಹಡಗಿನ ಮಾದರಿ ಮಾಡುವುದು ಅಲ್ಲಿನ ಹುಡುಗರ ಕಲಿಕೆಯ ಒಂದು ಭಾಗ. ಅದರಲ್ಲೇ ಪೈಪೋಟಿಯೂ ಇರುತ್ತದೆ. ಮೇಷ್ಟ್ರು ನೌಕರಿ ಹಿಡಿದು ಊರಿಗೆ ಬಂದಾಗ ಟ್ರಂಕಿನಲ್ಲಿ ಬಟ್ಟೆಗಿಂತ ಉಳಿ, ಅರ, ಮರಳುಕಾಗದವೇ ಹೆಚ್ಚಿದ್ದವಂತೆ.

ಮೊದಲ ಪಾಠ ಯಾವಾಗಲೂ ಜಾತ್ರೆಯ ದೋಣಿಯಿಂದ. ಶಿವರಾತ್ರಿಗೆ ಆವಣಿ ಜಾತ್ರೆಗೆ ಹೋದವರು ತಗಡಿನ ‘ಪುಟುಪುಟು ದೋಣಿ’ ತರುತ್ತಿದ್ದರು. ನೀವೂ ಮಕ್ಕಳಿಗೆ ಕೊಡಿಸಿರುತ್ತೀರಿ. ಒಳಗೆ ಪುಟ್ಟ ಬತ್ತಿ ಹಚ್ಚಿದರೆ ಸದ್ದು ಮಾಡುತ್ತಾ ತಾನೇ ಓಡುತ್ತದಲ್ಲ, ಅದೇ. “ಇದು ಹೇಗೆ ಓಡ್ತದೆ ಹೇಳಿ ನೋಡೋಣ?” ಅನ್ನೋರು ಮೇಷ್ಟ್ರು. ನಾವು ಬಾಯಿ ಬಿಟ್ಟುಕೊಂಡು ನಿಂತಿರುತ್ತಿದ್ದೆವು. ಬತ್ತಿಯ ಬಿಸಿಗೆ ತಗಡಿನ ಪೆಟ್ಟಿಗೆಯಲ್ಲಿನ ನೀರು ಆವಿಯಾಗಿ, ಕೊಳವೆಯಲ್ಲಿರುವ ನೀರನ್ನು ಹಿಂದಕ್ಕೆ ಚಿಮ್ಮಿಸುತ್ತದೆ; ದೋಣಿ ಮುಂದಕ್ಕೆ ಹೋಗುತ್ತದೆ. ಆವಿ ತಣಿದಾಗ ನೀರು ಮತ್ತೆ ಒಳಕ್ಕೆ ಬರುತ್ತದೆ. ಹೊರಗೆ ಹೋಗುವಾಗ ನೀರು ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಒಳಗೆ ಬರುವಾಗ ಸುತ್ತಲಿಂದ ಬರುತ್ತದೆ. ಆದ್ದರಿಂದ ದೋಣಿ ಹಿಂದಕ್ಕೆ ಬರುವುದಿಲ್ಲ. ತಾಮಸ್ ಪಿಯೋ ಎಂಬಾತ ಇಂಗ್ಲೆಂಡಿನಲ್ಲಿ 1891ರಷ್ಟು ಹಿಂದೆಯೇ ಇಂಥ ದೋಣಿಗೆ ಪೇಟೆಂಟ್ ಪಡೆದಿದ್ದ. ಜಾತ್ರೆಯ ಮೂರು ಕಾಸಿನ ಆಟಿಕೆಯಲ್ಲಿ ಇಷ್ಟೆಲ್ಲ ಇದೆಯೇ ಅಂತ ನಮಗೆ ಬೆರಗು!

ಕೊಡೆ ಬಟ್ಟೆಯ ಹಾಯಿ

ಹೆಣ್ಣುಮಕ್ಕಳಿಗೆ ಕೆರೆ ಏರಿಯ ಮೇಲೇನು ಕೆಲಸ ಅಂತ ನಮ್ಮಜ್ಜಿಯ ತಕರಾರು. ನಾನಾಗ ಏಳನೇ ಕ್ಲಾಸು. ಮೇಷ್ಟ್ರು ವಾದಕ್ಕೆ ಇಳಿಯಲಿಲ್ಲ. ಒಂದು ಸಂಜೆ ಮನೆಗೆ ಬಂದು ಜಗುಲಿಯಲ್ಲಿ ಕೂತು, “ಅಜ್ಜೀ, ಗಂಡುಹುಡುಗರು ದೋಣಿ ಕೆತ್ತುತ್ತಾರೆ, ಆದರೆ ಹಾಯಿ ಹೊಲಿಯೋಕೆ ಬರಲ್ಲ. ನಿಮ್ಮ ಮೊಮ್ಮಗಳ ಹೊಲಿಗೆ ನೀಟಾಗಿದೆ. ಒಂದು ವಾರ ಕಳಿಸಿಕೊಡಿ” ಅಂದರು. ಮೊಮ್ಮಗಳ ಹೊಲಿಗೆ ಹೊಗಳಿದರೆ ಯಾವ ಅಜ್ಜಿ ಬೇಡ ಅಂತಾಳೆ? ಆ ವಾರ ನಾಲ್ಕು ವರ್ಷವಾಯಿತು. ಹಾಯಿ ಹೊಲಿಯಲು ಹೋದವಳು ದೋಣಿ ಕೆತ್ತುವುದನ್ನೂ ಕಲಿತೆ, ಪಂದ್ಯಕ್ಕೂ ಬಿಟ್ಟೆ.

ಹಾಯಿಗೆ ಹರಿದ ಕೊಡೆಯ ಬಟ್ಟೆ. ಹಗುರ, ಗಾಳಿ ಸೋರದು, ನೀರು ಹೀರದು. ಕತ್ತರಿಸುವಾಗ ಮೇಷ್ಟ್ರು ಹೇಳಿದ ಒಂದು ಮಾತು ನನಗೆ ಇವತ್ತೂ ಅನ್ನ ಹಾಕುತ್ತಿದೆ. ಬ್ಲೌಸು ಹೊಲಿಯುವವರಿಗೆ ಗೊತ್ತಲ್ಲ, ಕ್ರಾಸ್ ಆಗಿ ಕತ್ತರಿಸಿದ ಬಟ್ಟೆ ಹಿಗ್ಗುತ್ತದೆ. ಹಾಯಿಯಲ್ಲೂ ಅದೇ ಲೆಕ್ಕ. ಕಂಬಕ್ಕೆ ಕಟ್ಟದೆ ಹಿಂದೆ ಬಿಡುಬೀಸಾಗಿರುವ ಅಂಚು ಬಟ್ಟೆಯ ನೇರ ಎಳೆಗೆ ಬರಬೇಕು. ಅದು ಕ್ರಾಸ್ ಆದರೆ ಗಾಳಿಗೆ ಹಿಗ್ಗಿ ಜೋಲುತ್ತದೆ, ದೋಣಿ ಸೋಮಾರಿಯಾಗುತ್ತದೆ. ಕಂಬಕ್ಕೆ ಕಟ್ಟುವ ಅಂಚು ಸ್ವಲ್ಪ ಕ್ರಾಸ್ ಆದರೂ ನಡೆಯುತ್ತದೆ, ಕಂಬ ಅದನ್ನು ಹಿಡಿದುಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿಗೆ ನನ್ನ ಓದು ನಿಂತಿತು. ಮದುವೆಯಾದ ಮೇಲೆ ಮನೆಯಲ್ಲೇ ಹೊಲಿಗೆ ಮಿಷನ್ನು ಹಾಕಿಕೊಂಡೆ. ಯಾವ ಅಂಚಿಗೆ ಯಾವ ಎಳೆ ಅಂತ ಬಟ್ಟೆ ಮುಟ್ಟಿದರೇ ತಿಳಿಯುವಂತೆ ಮಾಡಿದವರು ದೋಣಿ ಮೇಷ್ಟ್ರು.

ಕೈ ಬಿಟ್ಟ ಮೇಲೆ ಮುಟ್ಟುವಂತಿಲ್ಲ

ಈಗ ಪೇಟೆಯಲ್ಲಿ ರಿಮೋಟಿನ ದೋಣಿಗಳು ಸಿಗುತ್ತವೆ. ದಡದಲ್ಲಿ ನಿಂತು ಗುಂಡಿ ಒತ್ತಿದರೆ ತಿರುಗುತ್ತವೆ. ಹೊರದೇಶಗಳಲ್ಲಿ ಒಂದು ಮೀಟರ್ ಉದ್ದದ ರಿಮೋಟ್ ಹಾಯಿದೋಣಿಗಳಿಗೆ ದೊಡ್ಡ ಪಂದ್ಯಗಳೇ ನಡೆಯುತ್ತವೆ. ರೇಡಿಯೋ ಬರುವ ಮುಂಚೆ ಅಲ್ಲೂ ಬಿಟ್ಟ ದೋಣಿ ಬಿಟ್ಟಂತೆಯೇ. ಅಮೆರಿಕದ ಮಾರ್ಬಲ್‌ಹೆಡ್ ಎಂಬ ಊರಿನ ಹೆಸರಿನ ಒಂದು ಬಗೆಯ ದೋಣಿ ಇದೆ: 50 ಇಂಚು ಉದ್ದ, 800 ಚದರ ಇಂಚು ಹಾಯಿ. ಅದರ ನಕ್ಷೆಯನ್ನು ಮೇಷ್ಟ್ರು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರು.

ನಮ್ಮ ಪಂದ್ಯದಲ್ಲಿ ಗಾಳಿ ನೋಡಿ, ಹಾಯಿಯ ಹಗ್ಗ ಎಷ್ಟು ಸಡಿಲ ಬಿಡಬೇಕು, ಚುಕ್ಕಾಣಿ ಎಷ್ಟು ತಿರುಗಿಸಬೇಕು ಎಂಬುದನ್ನೆಲ್ಲ ದಡದಲ್ಲೇ ತೀರ್ಮಾನಿಸಬೇಕು. ಹಾಯಿಯ ಹಗ್ಗವನ್ನೇ ಚುಕ್ಕಾಣಿಗೆ ಕಟ್ಟುವ ಒಂದು ಉಪಾಯವಿದೆ. ಗಾಳಿ ಜೋರಾಗಿ ದೋಣಿ ಅಡ್ಡ ತಿರುಗುವ ಹೊತ್ತಿಗೆ ಹಾಯಿಯೇ ಚುಕ್ಕಾಣಿಯನ್ನು ಎಳೆದು ದಾರಿಗೆ ತರುತ್ತದೆ. ಬ್ರೈನ್ ಎಂಬ ಇಂಗ್ಲಿಷರವನು ಕಂಡುಹಿಡಿದದ್ದಂತೆ. ನಮಗೆ ಮಾತ್ರ ಅದು ಮೇಷ್ಟ್ರ ಮಂತ್ರ. “ದಡದಲ್ಲಿ ಎಷ್ಟು ಬೇಕಾದರೂ ತಿದ್ದು ಅಮ್ಮಣ್ಣೀ, ಕೈ ಬಿಟ್ಟ ಮೇಲೆ ದೋಣಿ ಅದರ ಪಾಡಿಗೆ ಹೋಗಲಿ” ಅನ್ನೋರು.

ಅವರಲ್ಲಿ ಒಂದು ಕಟ್ಟುನಿಟ್ಟು ಇತ್ತು. ಯಾರೂ ನೀರಿಗೆ ಇಳಿಯುವಂತಿಲ್ಲ. ಒಮ್ಮೆ ನನ್ನ ದೋಣಿ ಎಲ್ಲರಿಗಿಂತ ಮುಂದಿತ್ತು. ಗುರಿಗೆ ಇನ್ನು ಮೂರು ಮಾರು. ಗಾಳಿ ತಿರುಗಿ ಜೊಂಡಿನಲ್ಲಿ ಹೋಗಿ ಸಿಕ್ಕಿಕೊಂಡಿತು. ಒಬ್ಬ ಹುಡುಗ ಪಾಪ, ನನಗೋಸ್ಕರ ಚಡ್ಡಿ ಮೇಲಕ್ಕೆತ್ತಿ ಕಾಲಿಟ್ಟೇಬಿಟ್ಟ. ಮೇಷ್ಟ್ರು ಓಡಿಬಂದು ರಟ್ಟೆ ಹಿಡಿದು ಎಳೆದರು. ಅವರು ಗದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ದೋಣಿ ಹೋದರೆ ಇನ್ನೊಂದು ಕೆತ್ತಬಹುದು ಕಣೋ!” ಅಂದರು. ಅವತ್ತಿನ ಪಂದ್ಯ ಅಲ್ಲಿಗೇ ನಿಂತಿತು. ಮೇಷ್ಟ್ರ ತಮ್ಮ ಎಂಟನೇ ವಯಸ್ಸಿನಲ್ಲಿ ಬಾವಿಗೆ ಬಿದ್ದು ಹೋಗಿದ್ದ ಅಂತ ಅವರ ಮನೆಯವರು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ.

ನೀರು ಬಂತು, ಮೇಷ್ಟ್ರಿಲ್ಲ

ಆಮೇಲೆ ಮಳೆ ಕೈಕೊಟ್ಟಿತು. ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಕೆರೆಯ ಅಂಗಳದಲ್ಲಿ ಜಾಲಿ ಬೆಳೆಯಿತು. ಮೇಷ್ಟ್ರು ನಿವೃತ್ತರಾದರೂ ಸುಮ್ಮನೆ ಕೂರಲಿಲ್ಲ. ದನಕ್ಕೆ ನೀರು ಕುಡಿಸುವ ಸಿಮೆಂಟ್ ತೊಟ್ಟಿಯಲ್ಲಿ ಗೇಣುದ್ದದ ದೋಣಿ ಬಿಡಿಸಿ, ಬಾಯಲ್ಲಿ ಗಾಳಿ ಊದಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. “ಕೆರೆ ತುಂಬಿದ ದಿನ ನಮ್ಮ ಹತ್ತಿರ ದೋಣಿ ಇರಬೇಕಲ್ಲಮ್ಮಾ” ಅಂತ ನಗೋರು. ತುಂಬಿದ ಕೆರೆ ನೋಡದೆಯೇ ಹೋದರು.

ಅವರು ಹೋಗಿ ಎರಡು ವರ್ಷಕ್ಕೆ, 2018ರಲ್ಲಿ, ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕಡೆಗೆ ಹರಿಸುವ ಯೋಜನೆ ಬಂತು. ಕೆ.ಸಿ. ವ್ಯಾಲಿ ಅಂತ ಪತ್ರಿಕೆಯಲ್ಲಿ ಓದಿರುತ್ತೀರಿ. ಕೋಲಾರ ಜಿಲ್ಲೆಯದೂ ಚಿಂತಾಮಣಿಯದೂ ಸೇರಿ 126 ಕೆರೆ ತುಂಬಿಸುವ ಉದ್ದೇಶ. ಮೊದಲು ಲಕ್ಷ್ಮೀಸಾಗರದ ಕೆರೆ, ಅಲ್ಲಿಂದ ಒಂದೊಂದೇ ಕೆರೆ ತುಂಬುತ್ತಾ ನಮ್ಮೂರಿಗೂ ನೀರು ಬಂತು. ಊರೆಲ್ಲ ಏರಿಯ ಮೇಲೆ ನಿಂತು ನೋಡಿತು. ನನಗೆ ಸಂತೋಷವೂ ಆಯಿತು, ಗಂಟಲೂ ಕಟ್ಟಿತು.

ಆದರೆ ಈ ನೀರು ಅಂತರ್ಜಲ ಹೆಚ್ಚಲಿ ಅಂತ ಬಿಟ್ಟದ್ದು. ಎರಡು ಹಂತದ ಸಂಸ್ಕರಣೆ ಆಗಿದೆ, ಕುಡಿಯಲು ಅಲ್ಲ. ಮಕ್ಕಳು ಇಳಿದು ಆಡುವ ನೀರಲ್ಲ. ಕೆರೆ ಆಳವೂ ಇದೆ. ಹೊಲಗಳಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಗಳು ಬೇರೆ. ಕಾಲು ಜಾರಿದರೆ ಹಿಡಿದು ಹತ್ತಲು ಏನೂ ಸಿಗದು. ಈಜು ಬಾರದ ನಮ್ಮ ಮಕ್ಕಳು ನೀರು ಕಂಡರೆ ಓಡುತ್ತಾರೆ. ಮೇಷ್ಟ್ರ ಕಟ್ಟುನಿಟ್ಟು ಅವತ್ತಿಗಿಂತ ಇವತ್ತು ಹೆಚ್ಚು ಬೇಕಾಗಿದೆ.

ಅದಕ್ಕೇ ನಾನು ಹಿತ್ತಲಿನ ತೊಟ್ಟಿಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ದೋಣಿ ಬಿಡಿಸುತ್ತೇನೆ. ಮೇಷ್ಟ್ರ ಮನೆಯವರು ಅವರ ಉಳಿ, ಅರಗಳನ್ನು ನನಗೇ ಕೊಟ್ಟಿದ್ದಾರೆ. ಕಳೆದ ರಜೆಯಲ್ಲಿ ಏಳು ಮಕ್ಕಳು ಬಂದಿದ್ದರು, ಅದರಲ್ಲಿ ಐದು ಹುಡುಗಿಯರು.

ನೀವೂ ಮಾಡಿ ನೋಡಿ

ಒಂದು ಅಡಿ ಉದ್ದದ ಹಗುರ ಮರದ ತುಂಡು ತೆಗೆದುಕೊಳ್ಳಿ. ಬೂರುಗದ ಮರವಾದರೆ ಒಳ್ಳೆಯದು. ಮುಂದೆ ಚೂಪು, ಹಿಂದೆ ಅಗಲ ಬರುವಂತೆ ಕೆತ್ತಿ, ಮರಳುಕಾಗದದಲ್ಲಿ ಉಜ್ಜಿ, ಎರಡು ಸಲ ಎನಾಮಲ್ ಬಣ್ಣ ಬಳಿದು ಒಣಗಿಸಿ. ಅಡಿಯಲ್ಲಿ ಉದ್ದಕ್ಕೆ ಸೀಳು ಮಾಡಿ ನಾಲ್ಕು ಇಂಚು ಆಳದ ತಗಡು ಕೂರಿಸಿ. ತಗಡಿನ ಅಂಚನ್ನು ಮಡಿಸಿ ಬಡಿಯಿರಿ, ಇಲ್ಲದಿದ್ದರೆ ಮಕ್ಕಳ ಕೈ ಕೊಯ್ಯುತ್ತದೆ. ತಗಡಿನ ತುದಿಗೆ ಒಂದು ಕಬ್ಬಿಣದ ತುಂಡು ಕಟ್ಟಿ; ಈ ಭಾರ ಇಲ್ಲದಿದ್ದರೆ ಗಾಳಿಗೆ ದೋಣಿ ಮಗುಚುತ್ತದೆ. ನಡುವಿಗಿಂತ ತುಸು ಮುಂದೆ ಬಿದಿರು ಕಡ್ಡಿಯ ಕಂಬ, ಅದಕ್ಕೆ ಕೊಡೆ ಬಟ್ಟೆಯ ಹಾಯಿ. ನೇರ ಎಳೆ ಹಿಂದಿನ ಅಂಚಿಗೆ, ಮರೆಯಬೇಡಿ.

ದೋಣಿ ಬಿಡುವಾಗ ದೊಡ್ಡವರೊಬ್ಬರು ಪಕ್ಕದಲ್ಲೇ ಇರಲಿ, ಕೈಯಲ್ಲಿ ಒಂದು ಉದ್ದನೆಯ ಗಳ ಇರಲಿ. ದೋಣಿ ಸಿಕ್ಕಿಕೊಂಡರೆ ಗಳದಿಂದ ಎಳೆಯಿರಿ. ಗಳಕ್ಕೂ ಎಟುಕದಿದ್ದರೆ ಅಲ್ಲೇ ಬಿಟ್ಟು ಮಕ್ಕಳನ್ನು ಕರೆದುಕೊಂಡು ಮನೆಗೆ ಬನ್ನಿ.