ಬಿಪಿಯ ತೂಬು ಇರುವುದೆಲ್ಲಿ?

ಬಿಪಿ ಎಂದ ಕೂಡಲೇ ಎದೆ ಮುಟ್ಟಿಕೊಳ್ಳುವವರೇ ಹೆಚ್ಚು. ಹೃದಯಕ್ಕೇನೋ ಆಗಿದೆ, ಅದಕ್ಕೇ ಒತ್ತಡ ಏರಿದೆ ಎಂಬ ನಂಬಿಕೆ ಮಂಚೇನಹಳ್ಳಿ ಸುತ್ತಲಿನ ಊರುಗಳಲ್ಲೂ ಇದೆ, ಓದಿದವರ ಮನೆಗಳಲ್ಲೂ ಇದೆ. ಹೃದಯದ ಪಾಲು ಇಲ್ಲವೆಂದಲ್ಲ. ಆದರೆ ಯಾವ ಅಂಗಕ್ಕೆ ಎಷ್ಟು ರಕ್ತ ಹೋಗಬೇಕು, ಒತ್ತಡ ಎಷ್ಟರಲ್ಲಿ ನಿಲ್ಲಬೇಕು ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಕೂದಲೆಳೆಗಿಂತ ಹೆಚ್ಚು ದಪ್ಪವಿರದ ರಕ್ತನಾಳಗಳ ಗೋಡೆಯಲ್ಲಿ.

ಉತ್ತರ ಪಿನಾಕಿನಿಯ ಈ ಸೀಮೆ ಕೆರೆಗಳದ್ದು. ಕೆರೆ ತುಂಬಿದ ಕಾಲದಲ್ಲಿ ತೂಬಿನ ಹೊಣೆ ನೀರುಗಂಟಿಯದು. ತೂಬಿನ ಪಕ್ಕದ ಗದ್ದೆಗೆ ಎಷ್ಟು ಹೊತ್ತು, ಕೊನೆಯ ಗದ್ದೆಗೆ ಎಷ್ಟು ಹೊತ್ತು ಎಂದು ಅವನೇ ಕಾಲುವೆಗೆ ಮಣ್ಣು ಕಟ್ಟಿ, ಮಣ್ಣು ಬಿಡಿಸಿ ನೀರು ಹಂಚುತ್ತಿದ್ದ. ಎಲ್ಲ ಮಡೆಗಳನ್ನೂ ಒಟ್ಟಿಗೆ ಬಿಟ್ಟರೆ ಕೊನೆಯ ಗದ್ದೆಗೆ ಹನಿಯೂ ತಲುಪದು. ದೇಹದ ಕಷ್ಟವೂ ಇದೇ. ವಯಸ್ಕರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ಇದ್ದಬದ್ದ ನಾಳಗಳೆಲ್ಲ ಒಮ್ಮೆಗೇ ಹಿಗ್ಗಿದರೆ ಒತ್ತಡ ಕುಸಿದು, ಮೊದಲು ತೊಂದರೆಗೆ ಸಿಲುಕುವುದು ಮಿದುಳು.

ಹಂಚಿಕೆಯ ಕೆಲಸ ಮಾಡುವುದು ಕಿರುಧಮನಿಗಳು. ಇವುಗಳ ಗೋಡೆಯಲ್ಲಿ ನಾಳವನ್ನು ಸುತ್ತುವರಿದ ಸ್ನಾಯುವಿದೆ. ಅದು ಬಿಗಿದರೆ ದಾರಿ ಕಿರಿದಾಗುತ್ತದೆ, ಸಡಿಲಿಸಿದರೆ ಅಗಲವಾಗುತ್ತದೆ. ಎಷ್ಟು ಸಣ್ಣ ಬದಲಾವಣೆ ಸಾಕು ಎಂಬುದೇ ಅಚ್ಚರಿ. ಒತ್ತಡ ಅಷ್ಟೇ ಇದ್ದು ನಾಳದ ವ್ಯಾಸ ಅರ್ಧಕ್ಕಿಳಿದರೆ ಹರಿವು ಅರ್ಧವಾಗುವುದಿಲ್ಲ, 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ವೈದ್ಯ ಪ್ವಾಸೇಯ್ ಗಾಜಿನ ಸೂಕ್ಷ್ಮ ಕೊಳವೆಗಳಲ್ಲಿ ನೀರು ಹರಿಸಿ ಕಂಡುಕೊಂಡ ಲೆಕ್ಕವಿದು.

ಮುಸುಕಿನ ಜೋಳದ ಹೊಲದಲ್ಲಿ ಗುದ್ದಲಿ ಹಿಡಿದವರ ತೋಳನ್ನೇ ನೋಡಿ. ದುಡಿಯುವ ಸ್ನಾಯು ಇಂಗಾಲದ ಡೈಆಕ್ಸೈಡ್, ಆಮ್ಲ, ಪೊಟ್ಯಾಸಿಯಂಗಳನ್ನು ಹೊರಹಾಕುತ್ತದೆ. ಅವು ಪಕ್ಕದ ಕಿರುಧಮನಿಗೆ ತಗುಲಿದರೆ ಸಾಕು, ಅದು ಸಡಿಲಿಸುತ್ತದೆ. ಮಿದುಳಿನ ಅಪ್ಪಣೆಗೆ ಕಾಯಬೇಕಾಗಿಲ್ಲ. ಅದೇ ಹೊತ್ತಿಗೆ ಕರುಳಿನ, ಮೂತ್ರಪಿಂಡದ ನಾಳಗಳು ಒಂದಿಷ್ಟು ಬಿಗಿಯುತ್ತವೆ. ಬಿಸಿಲೇರಿದರೆ ಚರ್ಮದ ನಾಳಗಳು ತೆರೆದು ಕಾವು ಹೊರಹೋಗುತ್ತದೆ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದವರು ತಟ್ಟನೆ ಎದ್ದಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕತ್ತಿನ ಧಮನಿಯಲ್ಲೂ ಹೃದಯದಿಂದ ಹೊರಡುವ ಮಹಾಧಮನಿಯಲ್ಲೂ ಇರುವ ನರತುದಿಗಳು ಇದನ್ನು ಒಂದೆರಡು ಬಡಿತದೊಳಗೆ ಗುರುತಿಸಿ, ನಾಳಗಳನ್ನು ಬಿಗಿಸಿ, ಹೃದಯವನ್ನು ಚುರುಕಾಗಿಸುತ್ತವೆ. ಈ ವೇಗ ತಗ್ಗಿದ ಹಿರಿಯರಿಗೆ ಎದ್ದ ಕೂಡಲೇ ಕಣ್ಣು ಕತ್ತಲೆ ಬರುವುದು.

ನಾಳದ ಒಳಪದರದ ಕತೆ ಇನ್ನೂ ಸ್ವಾರಸ್ಯದ್ದು. ಒಂದೇ ಪದರದ ಈ ಕೋಶಗಳನ್ನು ಬರೀ ಅಸ್ತರಿ ಎಂದೇ ಬಹುಕಾಲ ಭಾವಿಸಿದ್ದರು. ನ್ಯೂಯಾರ್ಕಿನ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ತುಂಡುಗಳಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದಾಗ ಕೆಲವು ಸಡಿಲಿಸುತ್ತಿದ್ದವು, ಕೆಲವು ಬಿಗಿಯುತ್ತಿದ್ದವು. ಕೊನೆಗೆ ಕಾರಣ ಸಿಕ್ಕಿತು: ತುಂಡು ಸಿದ್ಧಪಡಿಸುವಾಗ ಒಳಪದರ ಉಜ್ಜಿಹೋಗಿದ್ದರೆ ನಾಳ ಸಡಿಲಿಸುತ್ತಲೇ ಇರಲಿಲ್ಲ. 1980ರಲ್ಲಿ ಇದು ಪ್ರಕಟವಾಯಿತು. ಆ ಪದರ ಹೊರಬಿಡುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ತಿಳಿಯಿತು. 1998ರಲ್ಲಿ ಫರ್ಚ್‌ಗಾಟ್, ಇದೇ ಹಾದಿಯಲ್ಲಿ ದುಡಿದ ಇಗ್ನಾರೋ, ಮುರಾದ್ ಮೂವರಿಗೂ ಈ ಶೋಧಕ್ಕೆ ನೊಬೆಲ್ ಬಂತು. ಬೀಡಿ, ಸಿಗರೇಟಿನ ಹೊಗೆ ಕೆಡಿಸುವುದು ಇದೇ ಪದರವನ್ನು. ಹೊಗೆಯೆಂದರೆ ಶ್ವಾಸಕೋಶ ಮಾತ್ರ ನೆನಪಾಗುವ ನಮ್ಮಲ್ಲಿ ಇದನ್ನು ಇನ್ನಷ್ಟು ಒತ್ತಿ ಹೇಳಬೇಕು.

ವಯಸ್ಸು, ಮನೆತನ, ತೂಕ, ಉಪ್ಪು ಎಲ್ಲವೂ ಸೇರಿ ಕಿರುಧಮನಿಗಳು ಸದಾ ಬಿಗಿಯಾಗೇ ಉಳಿದರೆ ಒತ್ತಡ ಏರಿ ನಿಲ್ಲುತ್ತದೆ. ವರ್ಷಗಳುರುಳಿದಂತೆ ಗೋಡೆಯೂ ದಪ್ಪವಾಗುತ್ತದೆ. ನೋವಿಲ್ಲ, ಸೂಚನೆಯಿಲ್ಲ. ಅಳೆಯದೆ ತಿಳಿಯುವುದಿಲ್ಲ. ರಾಜ್ಯದ ಗೃಹ ಆರೋಗ್ಯ ಯೋಜನೆಗೆ 2024ರಲ್ಲಿ ಪಕ್ಕದ ಕೋಲಾರದಲ್ಲೇ ಚಾಲನೆ ಸಿಕ್ಕಿದ್ದು. ಮನೆ ಬಾಗಿಲಲ್ಲೇ ಬಿಪಿ ನೋಡುವ ಇಂಥ ಕೆಲಸ ಹೊಲ, ಹಿಪ್ಪುನೇರಳೆ ತೋಟ ಬಿಟ್ಟು ಬರಲಾಗದವರಿಗೆ ದೊಡ್ಡ ಆಸರೆ. ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕೂತಿರಬೇಕು, ತೋಳು ಎದೆಮಟ್ಟದಲ್ಲಿರಬೇಕು, ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಬೀಡಿ ಇರಬಾರದು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ.

ಆಮೇಲೆ ಬರುವ ಮಾತು ಈ ಸೀಮೆಯ ಯಾವ ಆಸ್ಪತ್ರೆಯಲ್ಲಾದರೂ ಕೇಳಿಸೀತು: “ನಾರ್ಮಲ್ ಐತೆ ಅಂತೀಯಲ್ಲಮ್ಮ, ಇನ್ನ ಮಾತ್ರೆ ಯಾಕೆ?” ಸಿಸ್ಟರ್ ಕೊಡುವ ಉತ್ತರವೇ ಸರಿ: “ಮಾತ್ರೆ ನುಂಗಿದ್ದಕ್ಕೇ ನಾರ್ಮಲ್ ಬಂದಿರೋದು, ಅಜ್ಜಿ.” ಸ್ನಾಯು ಬಿಗಿಯಲು ಕ್ಯಾಲ್ಸಿಯಂ ಕೋಶದೊಳಗೆ ಹೋಗಬೇಕು. ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ಅದು ಒಳಹೋಗುವ ಬಾಗಿಲನ್ನು ತಡೆಯುತ್ತದೆ. ಮಾತ್ರೆ ನಿಂತರೆ ಕೆಲವೇ ದಿನಗಳಲ್ಲಿ ಬಿಗಿತ ಮರಳುತ್ತದೆ.

ಪಾದ ಊದಿತೆಂದು ಮಾತ್ರೆ ಬಿಟ್ಟು ಕೂರುವವರನ್ನು ಕಂಡಾಗಲಂತೂ ಸಂಕಟವಾಗುತ್ತದೆ. ಊತಕ್ಕೆ ಕಾರಣ ಇದೇ ನಾಳಗಳಲ್ಲಿದೆ. ಅಮ್ಲೋಡಿಪಿನ್ ಕಿರುಧಮನಿಯನ್ನು ಸಡಿಲಿಸುತ್ತದೆ, ರಕ್ತ ಹಿಂದಿರುಗಿಸುವ ಅಭಿಧಮನಿಯನ್ನು ಅಷ್ಟಾಗಿ ಸಡಿಲಿಸುವುದಿಲ್ಲ. ನಡುವಿನ ಲೋಮನಾಳಗಳಲ್ಲಿ ಒತ್ತಡ ಹೆಚ್ಚಿ ನೀರು ಹೊರಗೆ ಒಸರುತ್ತದೆ. ಊತವನ್ನು ವೈದ್ಯರಿಗೆ ತೋರಿಸಿದರೆ ಬೇರೆ ಕಾರಣವೇನಾದರೂ ಇದೆಯೇ ಎಂದು ನೋಡಿ, ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಟೆಲ್ಮಿಸಾರ್ಟನ್‌ನಂಥ ಮಾತ್ರೆ ಜೊತೆಗೆ ಸೇರಿಸುತ್ತಾರೆ. ಅದು ಅಭಿಧಮನಿಯನ್ನೂ ಹಿಗ್ಗಿಸುವುದರಿಂದ ಊತ ತಗ್ಗುತ್ತದೆ, ಬಿಪಿಯೂ ಹತೋಟಿಯಲ್ಲಿರುತ್ತದೆ.