ಕಡತಕ್ಕೊಂದು ಕನ್ನಡದ ಹೆಸರು

ನಮ್ಮ ತಾಯಿಯವರಿಗೆ ಓದಲು ಬರುವುದು ಕನ್ನಡವೊಂದೇ. ಆದುದರಿಂದ, ನಾಗಪುರದ ನೆರೆಯ ಈ ಕಳಮೇಶ್ವರದಲ್ಲಿ ತೆಗೆದ ಹಳೆಯ ಭಾವಚಿತ್ರಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸಿದಾಗ ಆ ಫೋಲ್ಡರಿಗೆ 'ಕಳಮೇಶ್ವರ' ಎಂದೇ ಹೆಸರಿಟ್ಟೆವು. ಚಿತ್ರ ತಿದ್ದುವ ಹಳೆಯ ತಂತ್ರಾಂಶವೊಂದು ಮಾತ್ರ, ಅಂಥ ಕಡತವೇ ಇಲ್ಲವೆಂದು ಹಟ ಹಿಡಿಯಿತು. "ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದರೆ ಈ ಗೋಳು ಇರುತ್ತಿರಲಿಲ್ಲ ಅಪ್ಪಾ" ಎಂದಳು ಮಗಳು.

ತಪ್ಪು ಕನ್ನಡದ್ದೇ? ಅಲ್ಲ. ಫೋಲ್ಡರಿನ ಹೆಸರು ಕಡತದ ವಿಳಾಸದ ಒಂದು ಭಾಗ. ಯೂನಿಕೋಡ್ ಅರಿಯದ ತಂತ್ರಾಂಶಗಳು ತಮಗೆ ತಿಳಿಯದ ಅಕ್ಷರದ ಜಾಗದಲ್ಲಿ ಸಾಮಾನ್ಯವಾಗಿ ಪ್ರಶ್ನಾರ್ಥಕ ಚಿಹ್ನೆಯನ್ನಿಡುತ್ತವೆ. ವಿಂಡೋಸಿನಲ್ಲಿ ಆ ಚಿಹ್ನೆಯೇ ಕಡತದ ಹೆಸರಿಗೆ ನಿಷಿದ್ಧ. ವಿಳಾಸ ಕೆಟ್ಟ ಮೇಲೆ ಕಾಗದ ಮನೆ ಮುಟ್ಟುವುದೆಂತು?

ಇನ್ನೊಂದು ತೊಡಕೂ ಉಂಟು. 'ಕಳಮೇಶ್ವರ' ನಮ್ಮ ಕಣ್ಣಿಗೆ ಐದೇ ಅಕ್ಷರ. ಯೂನಿಕೋಡಿನಲ್ಲಿ 8 ಸಂಕೇತ. ಯುಟಿಎಫ್-8 ಕ್ರಮದಲ್ಲಿ 24 ಬೈಟು. 'ಮೇ' ಎಂಬಲ್ಲಿಯ ಏತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ದೀರ್ಘ ಎಂದು ಬಿಡಿಸಿ ಎರಡಾಗಿಯೂ ಬರೆಯಬಹುದು. ಆಪಲ್ ಕಂಪ್ಯೂಟರುಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತವ್ಯವಸ್ಥೆ ಬಿಡಿಸಿದ ರೂಪವನ್ನೇ ಇಡುತ್ತಿತ್ತು. ನೋಡಲು ಎರಡೂ ಒಂದೇ. ಎಚ್ಚರವಿಲ್ಲದ ತಂತ್ರಾಂಶಕ್ಕೆ ಅವು ಬೇರೆ ಬೇರೆ ಹೆಸರು.

ಉಪಾಯ ಸುಲಭ. ಮೂಲಪ್ರತಿ ಕನ್ನಡದ ಹೆಸರಿನಲ್ಲೇ ಇರಲಿ. ಹಳೆಯ ತಂತ್ರಾಂಶದ ಕೆಲಸವಿದ್ದಾಗ ಅದರ ನಕಲೊಂದನ್ನು ರೋಮನ್ ಲಿಪಿಯ ಚಿಕ್ಕ ಹೆಸರಿನ ಫೋಲ್ಡರಿನಲ್ಲಿಟ್ಟು, ಕೆಲಸ ಮುಗಿದೊಡನೆ ಹಿಂದಕ್ಕೆ ತಂದರಾಯಿತು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರಕಿದೆ. ಇನ್ನೂ ಅದನ್ನು ಕಲಿಯದ ತಂತ್ರಾಂಶಕ್ಕಾಗಿ ನಾವು ಹೆಸರು ಬದಲಿಸಬೇಕೆ?

ಮಗಳು ಹಾಗೆಯೇ ಮಾಡಿದಳು. ಈಗ ತಾಯಿಯವರು ಯಾರನ್ನೂ ಕೇಳದೆ ತಾವೇ ಹೆಸರೋದಿ ಚಿತ್ರಗಳನ್ನು ತೆರೆದು ನೋಡುತ್ತಾರೆ.